ಹದ್ದು, ಹಾವು ಮತ್ತು ನನ್ನ ಲ್ಯಾಟಿನ್

ರಾಯಚೂರಿನ ಒಂದು ಹಳೆ ಪುಸ್ತಕದಂಗಡಿಯಲ್ಲಿ ಆ ಲ್ಯಾಟಿನ್ ವ್ಯಾಕರಣ ಪುಸ್ತಕ ಸಿಕ್ಕಿತು. ಇಂಗ್ಲಿಷಿನದೇ ಅಕ್ಷರಗಳು, ಆದರೆ ಲ್ಯಾಟಿನ್ ವಾಕ್ಯಗಳಲ್ಲಿ ಒಂದು ಪದವೂ ತಿಳಿಯಲಿಲ್ಲ. ಅದೇ ನನ್ನನ್ನು ಕೆಣಕಿತು. ದೇವದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಿಗೆ ಇದೇಕೆ ಎಂದು ಗಂಡ ನಕ್ಕರು.

"ಇದನ್ನ ಕಲ್ತು ಯಾರ ಜೋಡಿ ಮಾತಾಡಾಕಿ?"

"ಮಾತಾಡಾಕಲ್ಲ, ಓದಾಕ."

ಬೆಳಿಗ್ಗೆ ರೊಟ್ಟಿ ಬಡಿಯುವ ಮೊದಲು ಕೂತು ಓದುತ್ತಿದ್ದೆ. ಪದಗಳು ಬಾಯಿಪಾಠವಾದವು, ವಾಕ್ಯ ಮಾತ್ರ ಕೈಗೆ ಸಿಗಲಿಲ್ಲ. 'ಪುಎಲ್ಲಾಮ್ ಅಗ್ರಿಕೊಲಾ ವಿದೆತ್.' ಪುಎಲ್ಲಾ ಎಂದರೆ ಹುಡುಗಿ, ಅಗ್ರಿಕೊಲಾ ಎಂದರೆ ರೈತ. ಹುಡುಗಿ ರೈತನನ್ನು ನೋಡುತ್ತಾಳೆ ಎಂದುಕೊಂಡೆ. ಪುಸ್ತಕದ ಕೊನೆಯಲ್ಲಿದ್ದ ಉತ್ತರ ಪೂರಾ ಉಲ್ಟಾ: ನೋಡುತ್ತಿರುವವನು ರೈತ. ಮಳೆಗಾಲವಿಡೀ ಹೀಗೇ ತಪ್ಪಿದೆ. ಬೇಸತ್ತು ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ.

ಒಂದು ದಿನ ಎಂಟನೆಯ ತರಗತಿಯಲ್ಲಿ ವಿಭಕ್ತಿ ಪಾಠ. 'ಹಾವನ್ನು ಹದ್ದು ಹಿಡಿಯಿತು' ಎಂದು ಬೋರ್ಡಿನ ಮೇಲೆ ಬರೆದು ಕೇಳಿದೆ: "ಹಾವು ಮೊದಲು ಬಂದದ. ಹಂಗಾರ ಹಿಡದದ್ದು ಯಾವುದು?"

"ಹದ್ದು ರೀ ಟೀಚರ್!"

"ಹೆಂಗ ಗೊತ್ತಾತು?"

"ಹಾವಿಗೆ 'ಅನ್ನು' ಹತ್ತೇದಲ್ರೀ!"

ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತು. ಪುಎಲ್ಲಾಮ್ ಪದದ ಕೊನೆಯ 'ಮ್' ನಮ್ಮ 'ಅನ್ನು'ವೇ ಅಲ್ಲವೆ! ಇಷ್ಟು ದಿನ ನಾನು ಅದನ್ನು ಇಂಗ್ಲಿಷಿನ ಹಾಗೆ, ಮೊದಲು ಬಂದದ್ದೇ ಕರ್ತೃ ಎಂದುಕೊಂಡು ಓದುತ್ತಿದ್ದೆ. ಆ ಸಂಜೆಯೇ ಪುಸ್ತಕ ಅಟ್ಟದಿಂದ ಇಳಿಯಿತು. ಚಳಿಗಾಲ ಮುಗಿಯುವುದರೊಳಗೆ ಸಣ್ಣ ಕಥೆಗಳನ್ನು ಓದುತ್ತಿದ್ದೆ. ಊಟಕ್ಕೆ ಕೂತ ಗಂಡ "ಮುಂದೇನಾತು?" ಎಂದು ಕೇಳತೊಡಗಿದರು.

ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಮಾನ್ವಿ ಕಡೆಯ ಒಂದು ಚರ್ಚಿಗೆ ಹೋದೆವು. ಅಂಗಳದ ಮೂಲೆಯಲ್ಲಿ ಹಳೆಯ ಸಮಾಧಿಯ ಕಲ್ಲೊಂದಿತ್ತು.

"ಯಾವನೋ ದೊರಿದು ರೀ," ಎಂದರು ಚರ್ಚಿನ ಹಿರಿಯರು. "ಇಂಗ್ಲಿಷ್ ಬಲ್ಲವರಿಗೂ ಬಗಿಹರಿದಿಲ್ಲ."

ಕುಕ್ಕರಗಾಲಲ್ಲಿ ಕೂತು ಅಕ್ಷರಗಳ ಮೇಲೆ ಬೆರಳಾಡಿಸಿದೆ. ಲ್ಯಾಟಿನ್! ಪ್ರತಿ ಪದದ ಬಾಲ ಹಿಡಿದು ನಿಧಾನಕ್ಕೆ ಬಿಡಿಸಿದೆ.

"ದೊರಿ ಅಲ್ರೀ ಅಜ್ಜಾರ, ವೈದ್ಯ. ಇಲ್ಲಿ ಜಡ್ಡು ಬಂದಾಗ ಮಂದೀನ ನೋಡಿಕೊಂಡು ತಾನೂ ಅದರಾಗ ತೀರಿಕೊಂಡಾನ. ಗುಣ ಆದವರೆಲ್ಲ ಕೂಡಿ ಅವನ ಸಲುವಾಗಿ ಈ ಕಲ್ಲು ನಿಲ್ಲಿಸ್ಯಾರ."

"ನಮ್ಮ ಮಂದೀನೇ ಏನ್ರೀ ನಿಲ್ಲಿಸಿದ್ದು?"

"ಹೌದ್ರಿ."

ಅವರು ಹೆಗಲ ಮೇಲಿನ ವಲ್ಲಿಯಿಂದ ಕಲ್ಲಿನ ಧೂಳು ಒರೆಸಿದರು. ಆಮೇಲೆ ಮದುವೆ ಮಂದಿಯತ್ತ ತಿರುಗಿ ಕೂಗಿದರು: "ಬರ್ರಿ, ಎಲ್ಲಾರೂ ಇಲ್ಲಿ ಬರ್ರಿ! ಮೇಡಂ ಓದಾಕತ್ತಾರ!"

ಊಟದ ಪಂಕ್ತಿಯಿಂದ ಎದ್ದವರೆಲ್ಲ ಸುತ್ತ ನೆರೆದರು. ನಾನು ಸೀರೆ ಸರಿಪಡಿಸಿಕೊಂಡು ಎದ್ದು ನಿಂತೆ. ಮೊದಲು ಲ್ಯಾಟಿನ್ನಿನಲ್ಲಿ, ಆಮೇಲೆ ಕನ್ನಡದಲ್ಲಿ, ಗೇಟಿನವರೆಗೂ ಕೇಳುವಂತೆ ಓದಿದೆ.