ಮೇಗುಂದದ ಕಂಪ್ಯೂಟರ್ ಕೋಣೆ ಮತ್ತು ನನ್ನ ಹೊಟ್ಟೆಕಿಚ್ಚು

ಓದುಗರಿಗೆಲ್ಲ ನಮಸ್ಕಾರ. ನಾನು ಬರೆದು ಅಭ್ಯಾಸ ಇರುವವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ನಲವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಮರೆತುಹೋಗುತ್ತದೆ. ತಪ್ಪುಗಳಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ.

ಮೇಗುಂದದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ರೇಡಿಯೋ, ಟೇಪ್ ರೆಕಾರ್ಡರ್, ಮಿಕ್ಸಿ, ಟಿವಿ. ಇಂಟರ್ನೆಟ್ ಬೇಕೆಂದರೆ ಕೊಪ್ಪ ಪೇಟೆಗೆ ಬಸ್ಸು ಹಿಡಿಯಬೇಕಾಗಿದ್ದ ಕಾಲ ಅದು. ಹಳ್ಳಿಯವರಿಗೂ ಕಂಪ್ಯೂಟರ್ ಸಿಗಬೇಕು ಅಂತ ರಾಜ್ಯದಲ್ಲೆಲ್ಲ ಒಂದು ಯೋಜನೆ ಬಂತು. ಸರ್ಕಾರ ಮೆಷಿನ್ ಕೊಡುವುದು, ಒಂದು ಸಂಸ್ಥೆಯವರು ಕಲಿಸುವುದು, ಜಾಗ, ಫೋನ್ ಲೈನ್ ಮತ್ತು ನೋಡಿಕೊಳ್ಳುವ ಜನ ಊರಿನವರದು.

ಶಾಲೆಯಲ್ಲಿ ಸಭೆ ಆಯಿತು. ಹಾಲಿನ ಸೊಸೈಟಿಯ ಅಧ್ಯಕ್ಷರು "ಜಾಗ ಯಾರು ಕೊಡ್ತೀರಿ?" ಅಂತ ಕೇಳಿದಾಗ ಮೊದಲು ಕೈ ಎತ್ತಿದವನು ನಾನು. ನನ್ನ ಅಂಗಡಿಗೆ ಎರಡು ಕೋಣೆ. ರಸ್ತೆ ಕಡೆಯದನ್ನೇ ಕೊಟ್ಟೆ.

"ಕೊಡ್ದೆ ಎಂತ ಮಾಡ್ತಾನೆ, ಮೆಷಿನ್ ಅಂದ್ರೆ ಅವ್ನೇ ಅಲ್ವಾ ಮಾರಾಯ," ಅಂದರು ಅಧ್ಯಕ್ಷರು. ಆ ಮಾತನ್ನು ನಾನು ನಿಜ ಅಂದುಕೊಂಡೆ. ಕಂಪ್ಯೂಟರ್ ಮುಂದಿನ ಕುರ್ಚಿ ನನಗೇ ಅಂತ ಮನಸ್ಸಿನಲ್ಲಿ ಖಾತ್ರಿ ಮಾಡಿಕೊಂಡೆ.

ಗೋಡೆಗೆ ನಾನೇ ಸುಣ್ಣ ಹೊಡೆದೆ. ಹಿಂದುಗಡೆ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಮಾಡಿದೆ. ಜಯಪುರದ ಕಡೆಯಿಂದ ಬರುವ ಫೋನ್ ತಂತಿಗೆ ತಾಗುತ್ತಿದ್ದ ಕೊಂಬೆಗಳನ್ನು ಮನೆಗೊಬ್ಬರಂತೆ ಹೋಗಿ ಕಡಿದರು. ನನ್ನ ಪಾಲಿನದನ್ನೂ ಕಡಿದು, ಬರದವರ ಪಾಲಿನದನ್ನೂ ನಾನೇ ಕಡಿದೆ. ಆಮೇಲೆ ಸಂಸ್ಥೆಯವರು ಬಂದು ನಿಯಮ ಓದಿದರು. ಕೂರುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಹೆಂಗಸರಾದರೆ ಒಳ್ಳೆಯದು.

ಎದುರು ಸಾಲಿನಲ್ಲಿ ರವಿಕೆ ಹೊಲಿಯುತ್ತಿದ್ದ ಒಬ್ಬಳಿದ್ದಳು. ಶೃಂಗೇರಿಯಲ್ಲಿ ಪಿಯುಸಿ ಓದಿದವಳು, ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುತ್ತಿದ್ದಳು. ಕುರ್ಚಿ ಅವಳಿಗೆ ಹೋಯಿತು. ಕುರ್ಚಿ ಇದ್ದದ್ದು ನನ್ನ ಕೋಣೆಯಲ್ಲಿ.

ನಡುವೆ ಒಂದು ಹಲಗೆ ಗೋಡೆ. ಬೆಳಿಗ್ಗೆ ಅವಳು ಲೈನ್ ಹಾಕುವಾಗ, ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಕೀಂ ಅಂತ ಕಿರುಚಿ ಸುಮ್ಮನಾಗುತ್ತಿತ್ತು. ಅಲ್ಲಿಂದ ನನ್ನ ದಿನ ಕೆಡುತ್ತಿತ್ತು. ಅವಳ ಬಾಗಿಲಿಗೆ ಎಷ್ಟು ಜನ ಬಂದರು, ನನ್ನ ಬಾಗಿಲಿಗೆ ಎಷ್ಟು ಜನ ಅಂತ ಲೆಕ್ಕ ಇಡುತ್ತಿದ್ದೆ. ಪಹಣಿಗೆ, ಶಿವಮೊಗ್ಗದ ಅಡಿಕೆ ರೇಟಿಗೆ, ಪರೀಕ್ಷೆಯ ರಿಸಲ್ಟಿಗೆ ಜನ ಬರುತ್ತಿದ್ದರು. ಹದಿನೈದು ವರ್ಷ ಒಬ್ಬ ಅಜ್ಜನ ರೇಡಿಯೋ ಸಾಯದ ಹಾಗೆ ನೋಡಿಕೊಂಡವನು ನಾನು. ಪ್ರತಿ ವರ್ಷ ನನಗೆ ಒಂದು ಕಟ್ಟು ಹಲಸಿನ ಹಪ್ಪಳ ತರುತ್ತಿದ್ದ ಆ ಅಜ್ಜ ಆ ವರ್ಷ ಕಟ್ಟು ಹಿಡಿದು ನೇರ ಪಕ್ಕದ ಬಾಗಿಲಿಗೆ ಹೋದ. ಹಪ್ಪಳ ದೊಡ್ಡ ವಿಷಯವಲ್ಲ ಅಂತ ನೀವು ಹೇಳಬಹುದು. ನನಗೆ ಎರಡು ದಿನ ಊಟ ಸೇರಲಿಲ್ಲ.

"ಎಂತ ಮಾರಾಯ, ಸ್ವಂತ ಅಂಗಡಿಲೇ ಬಾಡಿಗೆಯವ್ನ ಹಾಗೆ ಕೂತಿದ್ದೀಯಲ್ಲ," ಅಂತ ಹೋಟೆಲಿನವನು ಬೇರೆ ಚುಚ್ಚುತ್ತಿದ್ದ.

ಅವಳು ಮಾತ್ರ ದಿನಾ ಕರೆಯುತ್ತಿದ್ದಳು. "ಅಣ್ಣಾ, ಜನ ಇಲ್ಲ ಈಗ. ಬಂದು ಒಂದ್ಸಲ ಮುಟ್ಟಿ ನೋಡಿ."

"ನಂಗೆಂತಕ್ಕೆ ತಂಗಿ ಅದು. ಸೋಲ್ಡರಿಂಗ್ ಕಾಯಕ್ಕಿಟ್ಟಿದ್ದೀನಿ," ಅನ್ನುತ್ತಿದ್ದೆ. ಕರೆಂಟೇ ಇಲ್ಲದ ಹೊತ್ತಿನಲ್ಲೂ ಹಾಗೇ ಹೇಳಿದ್ದುಂಟು.

ನಮ್ಮ ಕಡೆ ಯುಗಾದಿ ಕಳೆಯಿತೆಂದರೆ ಮಧ್ಯಾಹ್ನದ ಗುಡುಗು ಶುರು. ಸಿಡಿಲಿಗೆ ಸುಟ್ಟ ಟಿವಿಗಳು ನನ್ನ ಅಂಗಡಿಯಲ್ಲಿ ಸಾಲಾಗಿ ಕೂರುತ್ತಿದ್ದವು. ತಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ವೈರ್ ಕಿತ್ತಿದ್ವಿ, ಆದ್ರೂ ಹೋಯ್ತು." ನಾನು ಆಂಟೆನಾ ವೈರಿನ ಪಿನ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯುತ್ತಿದ್ದೆ. "ತುದಿ ಕಪ್ಪಾಗಿದೆ ನೋಡಿ. ಕಿತ್ತಿಟ್ಟ ಪಿನ್ ಕಪ್ಪಾಗಲ್ಲ." ಅವರು ನಕ್ಕು ಒಪ್ಪಿಕೊಳ್ಳುತ್ತಿದ್ದರು. ಹಲಗೆ ಗೋಡೆಯ ಆಚೆ ಇವೆಲ್ಲ ಕೇಳುತ್ತಿತ್ತು. ಕಂಪ್ಯೂಟರ್ ಕೋಣೆಗೂ ನಾನೇ ರಟ್ಟಿನ ಮೇಲೆ ಪೇಂಟಿನಲ್ಲಿ ಬರೆದು ನೇತುಹಾಕಿದ್ದೆ: ಗುಡುಗು ಕೇಳಿದ ಕೂಡಲೇ ಎರಡೂ ಪಿನ್ ಕೀಳಬೇಕು. ಒಂದು ಕರೆಂಟಿನದು, ಇನ್ನೊಂದು ಫೋನಿನದು.

ಎರಡನೇ ವರ್ಷದ ಬೇಸಿಗೆಯಲ್ಲಿ ಅವಳಿಗೆ ನರಸಿಂಹರಾಜಪುರದಲ್ಲಿ ಒಂದು ದಿನದ ತರಬೇತಿ ಬಂತು. ಬೇಗಾರಿನ ಕಂಪ್ಯೂಟರ್ ಸೆಂಟರಿನವರೂ ಹೋಗುವವರಿದ್ದರು. ಬೆಳಿಗ್ಗೆ ಬಸ್ಸಿಗೆ ಹೊರಟವಳು ಬೀಗದ ಕೈ ನನ್ನ ಮೇಜಿನ ಮೇಲಿಟ್ಟಳು.

"ಅಣ್ಣಾ, ಸೊಸೈಟಿ ಸೆಕ್ರೆಟ್ರಿ ಮೇಲ್ ನೋಡಕ್ಕೆ ಬರ್ತಾರೆ, ಅದ್ಕೆ ಪಿನ್ ಹಾಕೇ ಇಟ್ಟಿದ್ದೀನಿ. ಗುಡುಗಿದ್ರೆ ಕಿತ್ಬಿಡಿ. ನಿಮ್ಗೆ ಹೇಳ್ಬೇಕಾ."

"ತರಬೇತಿ ಎಂತದ್ದು?" ಅಂದೆ.

"ರಿಪೇರಿಯಂತೆ. ಬಿಚ್ಚೋದು, ಜೋಡ್ಸೋದು ಎಲ್ಲ ಹೇಳಿಕೊಡ್ತಾರಂತೆ."

ಕುರ್ಚಿ ಹೋಗಿತ್ತು, ಹಪ್ಪಳ ಹೋಗಿತ್ತು. ಈಗ ಸ್ಕ್ರೂ ಡ್ರೈವರೂ ಅವಳ ಕೈಗೆ ಹೋಗುತ್ತದೆ ಅನ್ನಿಸಿತು. ಅವಳು ಹೋದ ಮೇಲೆ ಮಿಕ್ಸಿಯೊಂದನ್ನು ಬಿಚ್ಚಿಟ್ಟುಕೊಂಡು ಕೂತೆ. ಕೆಲಸ ಸಾಗಲಿಲ್ಲ.

ಸೆಕ್ರೆಟರಿ ತಮ್ಮ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಲ್ಲಿ ಬಾಗಿಲು ತೆಗೆದು, ಮೇಲ್ ನೋಡಿ, ಬೀಗ ಹಾಕಿಕೊಂಡು ಹೋದರು. ಊಟವಾದ ಮೇಲೆ ಶೃಂಗೇರಿ ದಿಕ್ಕಿನಲ್ಲಿ ಮೊದಲನೇ ಗುಡುಗು ಕೇಳಿಸಿತು. ದೂರ ಇದೆ ಅಂದುಕೊಂಡೆ. ಎರಡನೆಯದು ಹತ್ತಿರ ಬಂತು. ಎದ್ದು ನನ್ನ ಅಂಗಡಿಯ ಮೇನ್ ಸ್ವಿಚ್ ತೆಗೆದೆ. ಟಿವಿಗಳ ವೈರನ್ನೆಲ್ಲ ಕಿತ್ತೆ. ಬಾಗಿಲಿಗೆ ಬಂದು ನಿಂತೆ. ಬೀಗದ ಕೈ ಅಂಗಿ ಜೇಬಿನಲ್ಲಿತ್ತು. ಪಕ್ಕದ ಬಾಗಿಲು ನಾಲ್ಕು ಹೆಜ್ಜೆ. ರಿಪೇರಿ ಕಲಿತು ಬರ್ತಾಳಲ್ಲ, ಹಾಳಾದ್ರೆ ಅವಳೇ ಮಾಡಿಕೊಳ್ಳಲಿ. ಹಾಗೆ ಅಂದುಕೊಂಡಿದ್ದು ಇವತ್ತಿಗೂ ಶಬ್ದ ಶಬ್ದ ನೆನಪಿದೆ.

ಮೂರನೆಯದು ಸಿಡಿಲಾಗಿ ಫೋನ್ ತಂತಿಯ ಮೇಲೇ ಬಿತ್ತು. ಬೀಗ ತೆಗೆದು ಒಳಗೆ ಹೋದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಆಗ ಎರಡೂ ಪಿನ್ ಕಿತ್ತು ಮೇಜಿನ ಮೇಲಿಟ್ಟೆ.

ಸಂಜೆ ಬಸ್ಸಿಗೆ ಬಂದಳು. ಕೈಯಲ್ಲಿ ತರಬೇತಿಯಲ್ಲಿ ಕೊಟ್ಟ ಸ್ಕ್ರೂ ಡ್ರೈವರ್ ಪೆಟ್ಟಿಗೆ. "ಕಿತ್ತಿದ್ದೆ ತಂಗಿ. ಆದ್ರೂ ಹೋಯ್ತು ನೋಡು," ಅಂದೆ.

ಅವಳು ಕಂಪ್ಯೂಟರ್ ಹಾಕಿ ನೋಡಿದಳು, ಅದು ಬದುಕಿತ್ತು. ಮೋಡೆಮ್ ಬಿಚ್ಚಿದಳು, ಒಳಗೆಲ್ಲ ಮಸಿ. ಫೋನ್ ವೈರಿನ ಪಿನ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದ ರೀತಿ ನನ್ನದೇ.

"ತುದಿ ಕಪ್ಪಾಗಿದೆ ಅಣ್ಣಾ," ಅಂದಳು.

ಅವಳು ಪಿನ್ ಕೆಳಗಿಟ್ಟು, "ಚಾ ಆಯ್ತಾ ನಿಮ್ದು?" ಅಂತ ಕೇಳಿದಳು.

ಮುಂದಿನ ವಾರ ಸಭೆ ಕರೆದರು. ಸರಿಯಾಗಿ ನೋಡಿಕೊಳ್ಳದಿದ್ದರೆ ಮೆಷಿನ್ ಬೇರೆ ಊರಿಗೆ ಒಯ್ಯುತ್ತೇವೆ ಅಂತ ಸಂಸ್ಥೆಯವರು ಹೇಳಿದರು. ಪಿನ್ ಯಾಕೆ ಕೀಳಲಿಲ್ಲ ಅಂತ ಕೇಳಿದರು. ಅವಳು ಎದ್ದು ನಿಂತು, "ಸೆಂಟರ್ ನನ್ ಜವಾಬ್ದಾರಿ ಸಾರ್. ಬಸ್ಸಿನ ಗಡಿಬಿಡಿಲಿ ಹಾಕೇ ಬಿಟ್ ಹೋದೆ. ನಂದೇ ತಪ್ಪು," ಅಂದಳು.

ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿದರು. "ಅಲ್ಲ ಮಾರಾಯ್ತಿ, ಪಕ್ಕದಲ್ಲೇ ಮೆಷಿನ್ ಡಾಕ್ಟ್ರು ಕೂತಿರ್ತಾರಲ್ಲ. ಇವ್ರಿಗೆ ಒಂದ್ ಮಾತು ಹೇಳಿ ಹೋಗಕ್ಕೆ ಎಂತ ಆಗಿತ್ತು?"

"ಹೇಳ್ಬೇಕಿತ್ತು," ಅಂದಳು. ಎಲ್ಲರೂ ನಕ್ಕರು.

ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಏಳಲಿಲ್ಲ. ನಾಚಿಕೆಯಾಯಿತು ಅಂತ ಬರೆದರೆ ಅರ್ಧ ಸುಳ್ಳು. ಆ ದಿನ ನನ್ನ ಹೊಟ್ಟೆಕಿಚ್ಚು ಇಳಿಯಲಿಲ್ಲ, ಹೆಚ್ಚಾಯಿತು. ನನ್ನ ತಪ್ಪನ್ನು ಹೊತ್ತುಕೊಳ್ಳುವುದರಲ್ಲೂ ಅವಳು ನನಗಿಂತ ಮುಂದೆ ಹೋಗಿದ್ದಳು. ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟು, ಮೆಷಿನ್ ನಮ್ಮಲ್ಲೇ ಉಳಿಸಿದರು.

ಹೊಸ ಮೋಡೆಮ್ ಬರುವುದಕ್ಕೆ ಐದು ವಾರ ಹಿಡಿಯಿತು. ಪಹಣಿಗೆ, ರಿಸಲ್ಟಿಗೆ ಜನ ಮತ್ತೆ ಕೊಪ್ಪದ ಬಸ್ಸು ಹತ್ತಿದರು. ಆ ಅಜ್ಜನೂ ಹತ್ತಿದ. ಬಸ್ಸಿನ ಮೆಟ್ಟಿಲು ಹತ್ತಲಾರದ ಅವನನ್ನು ಕಂಡಕ್ಟರ್ ಕೈ ಹಿಡಿದು ಎಳೆದುಕೊಂಡಿದ್ದನ್ನು ನನ್ನ ಅಂಗಡಿಯಿಂದ ನೋಡಿದೆ. ಮಾರನೇ ದಿನ ಪಕ್ಕದ ಬಾಗಿಲಿಗೆ ಹೋದೆ. ಅವಳು ಹೊಲಿಗೆ ಮೆಷಿನ್ನನ್ನು ಅಲ್ಲಿಗೇ ತಂದುಕೊಂಡು ರವಿಕೆ ಹೊಲಿಯುತ್ತಿದ್ದಳು.

"ಟೈಪ್ ಮಾಡಕ್ಕೆ ಫೋನ್ ಲೈನ್ ಬೇಕಾ?" ಅಂದೆ.

"ಬ್ಯಾಡ," ಅಂದಳು. ದಾರ ಕಡಿದು, ಕುರ್ಚಿ ನನ್ನ ಕಡೆ ತಳ್ಳಿದಳು.

ಮೋಡೆಮ್ ಬರುವವರೆಗೂ ಕಲಿತೆ. ಆಮೇಲೆ ಎಸ್ಸೆಸ್ಸೆಲ್ಸಿಗೂ ಅವಳೇ ಅರ್ಜಿ ತುಂಬಿಸಿದಳು, ಪಾಸಾದದ್ದನ್ನು ಅದೇ ಪರದೆಯಲ್ಲಿ ನೋಡಿ ಹೇಳಿದಳು. ಕೆಲವು ವರ್ಷದ ಮೇಲೆ ಅವಳು ಬೇರೆ ಸೆಂಟರಿನವರಿಗೆ ಕಲಿಸುವ ಕೆಲಸಕ್ಕೆ ಶೃಂಗೇರಿಗೆ ಹೋದಾಗ ಕುರ್ಚಿ ನನಗೆ ಬಂತು. ಮೊದಲ ದಿನ ಬಂದವರು ಬಾಗಿಲಲ್ಲಿ ಇಣುಕಿ ಕೇಳಿದ್ದು, "ಅವ್ರಿಲ್ವಾ ಇವತ್ತು?" ಅಂತ. ಒಳಗೆ ಚುರುಕ್ ಅಂದಿತು. ಈಗಲೂ ಯಾರಾದರೂ ಅವಳನ್ನು ಹೊಗಳಿದರೆ ಚುರುಕ್ ಅನ್ನುತ್ತದೆ.

ಆ ಪಿನ್ ನನ್ನ ಸ್ಕ್ರೂಗಳ ಡಬ್ಬಿಯಲ್ಲಿದೆ. ಸಭೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಅವಳಿಗಾಗಲಿ ಊರಿಗಾಗಲಿ ನಾನು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ. ಅದಕ್ಕೇ ಇದನ್ನು ಬರೆದದ್ದು. ಮೊದಲ ಪ್ರತಿ ಅವಳಿಗೆ ಮೇಲ್ ಮಾಡುತ್ತೇನೆ, ಆಮೇಲೆ ಅಧ್ಯಕ್ಷರಿಗೆ.

ನಿಮ್ಮ ಊರಿಗೂ ಮೊದಲ ಕಂಪ್ಯೂಟರ್ ಹೀಗೆ ಬಂದಿರಬಹುದು. ಅದರ ಮುಂದೆ ಕೂತವರನ್ನು ನೋಡಿ ನಿಮಗೂ ಹೊಟ್ಟೆ ಉರಿದಿದ್ದರೆ, ಆಗ ನೀವು ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆದು ಕಳಿಸಿ. ನಾನು ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.