ಕಾಲಿನಲ್ಲಿ ನಡೆದ ಗೆರೆ

ಆ ಕಾಲದಲ್ಲಿ ನಮ್ಮ ಕಡೆ ಹಟ್ಟಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಮಾತೇ ಇರಲಿಲ್ಲ. ದನ ಕಟ್ಟಿದ ಜಾಗ ಎಂದರೆ ದೇವರ ಕೋಣೆಯ ಲೆಕ್ಕ. ಸೆಗಣಿ ತೆಗೆಯುವುದು, ಹುಲ್ಲು ಹಾಕುವುದು, ಅಕ್ಕಿ ತೊಳೆದ ಅಕ್ಕಚ್ಚು ಕುಡಿಸುವುದು ಎಲ್ಲವೂ ಬರಿಗಾಲಿನಲ್ಲಿ. ಹಾಗೆ ಬೆಳೆದವರು ಇದನ್ನು ಓದುತ್ತಿದ್ದರೆ ಅವರಿಗೆ ಮಳೆ ಬಿಡದ ಸೋಣ ತಿಂಗಳ ಹಟ್ಟಿಯ ವಾಸನೆ ಈಗಲೂ ಮೂಗಿಗೆ ಬಂದೀತು: ಒದ್ದೆ ಸೊಪ್ಪು, ಬಿಸಿ ಸೆಗಣಿ, ಒಲೆಯ ಮೇಲೆ ಬೇಯುವ ಹುರುಳಿ.

ತೋಡಾರಿನಿಂದ ಒಳಗೆ ಅರ್ಧ ಗಂಟೆ ನಡೆದರೆ ನಮ್ಮ ಮನೆ. ಅಪ್ಪ ಬಿ.ಸಿ.ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ಅಜ್ಜಿ; ಅಮ್ಮ; ಆರನೇ ಕ್ಲಾಸಿನ ನಾನು; ಒಂದು ದನ, ಅದರ ಕರು. ಡೈರಿಗೆ ಹಾಲು ಹಾಕುವುದು ಅಮ್ಮನ ಕೆಲಸ, ಅಮ್ಮನ ಹೆಮ್ಮೆಯೂ ಅದೇ. ಆ ದನ ಅಮ್ಮನ ಕೈಗೆ ಬಿಟ್ಟರೆ ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ.

ಆ ಸೋಣದಲ್ಲಿ ನಮ್ಮ ಹೆಣ್ಣುನಾಯಿ ಹಟ್ಟಿಯ ಮಗ್ಗುಲಿನ ಮಾಡಿನಡಿ, ಹಳೆಯ ತರಗೆಲೆ ರಾಶಿಯಲ್ಲಿ ಐದು ಮರಿ ಹಾಕಿತ್ತು. ಮರಿಗಳ ಹತ್ತಿರ ಹೋಗಬಾರದು, ನಾಯಿ ಕಚ್ಚುತ್ತದೆ ಎಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಶಾಲೆಯಿಂದ ಬಂದವಳು ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ದನಕ್ಕೆ ಹುಲ್ಲು ಹಾಕುವ ಕಟ್ಟೆ ಹತ್ತಿ, ಅಲ್ಲಿಂದ ತರಗೆಲೆಯ ರಾಶಿಗೆ ಹಾರುವುದು ನನ್ನ ಆಟ. ಹಾರಿದಾಗಲೆಲ್ಲ ಮರಿಗಳು ಕುಂಯ್‌ಗುಟ್ಟಿಕೊಂಡು ಕಾಲಿಗೆ ಬೀಳುತ್ತಿದ್ದವು.

ಒಂದು ಭಾನುವಾರ ಬೆಳಿಗ್ಗೆ ಎಡಗಾಲಿನ ಮಗ್ಗುಲಿನಲ್ಲಿ ತುರಿಕೆ. ನೋಡಿದರೆ ಒಂದು ಕೆಂಪು ಗೆರೆ, ಅಕ್ಕಿಕಾಳಿನಷ್ಟು ಉದ್ದ. ಸೋಮವಾರ ಅದು ಹೆಸರುಕಾಳನ್ನು ಸುತ್ತು ಹಾಕುವಷ್ಟು ಬೆಳೆದಿತ್ತು. ಇದು ಬೆಳೆಯುವುದೋ, ನಡೆಯುವುದೋ ಎಂದು ನನಗೆ ಕುತೂಹಲ. ಗೆರೆಯ ತುದಿಗೆ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಮರುದಿನ ಅದು ಚುಕ್ಕೆ ದಾಟಿ ಹೋಗಿತ್ತು. ಮತ್ತೆ ಚುಕ್ಕೆ, ಮತ್ತೆ ದಾಟಿತು. ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಭಾನುವಾರದಿಂದ ಹಿಡಿದು ವಾರದ ಹೆಸರು ಬರೆದು, ಗೆರೆ ಯಾವ ಕಡೆಗೆ ತಿರುಗಿತು ಎಂದು ಚಿತ್ರ ಮಾಡಿಟ್ಟೆ. ತುರಿಕೆಗೆ ನಿದ್ದೆ ಬರದಿದ್ದರೂ ಬೆಳಿಗ್ಗೆ ಏಳುವ ಅವಸರ ನನಗೆ.

ಶುಕ್ರವಾರ ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತ ಕುಳಿತಿದ್ದ ಅಜ್ಜಿಯ ಕಣ್ಣಿಗೆ ಅದು ಬಿತ್ತು. ಅವರು ಎಲೆ ಕೆಳಗಿಟ್ಟು, ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಚರ್ಮದಡಿ ಹಾವು ಹರಿದ ಹಾಗೆಯೇ ಇತ್ತದು. ಆಮೇಲೆ ಅಮ್ಮನನ್ನು ಕರೆದರು.

"ಬುಧವಾರ ಹಟ್ಟಿಗೆ ಹಾಕಿದ ಸೊಪ್ಪು ಎಲ್ಲಿಂದ ತಂದದ್ದು ನೀನು?"

ಅಮ್ಮ ಸುಳ್ಳು ಹೇಳುವವರಲ್ಲ. ಮಳೆ ಬಂತು, ಗುಡ್ಡೆಯವರೆಗೆ ಹೋಗಲಾಗಲಿಲ್ಲ, ನಾಗಬನದ ಕಟ್ಟೆಯಿಂದ ಹೊರಗೆ ಬಾಗಿದ್ದ ಎರಡು ಗೆಲ್ಲು ಕಡಿದೆ ಎಂದರು.

ಅಷ್ಟೇ. ನಾಗನ ಬನದ ಎಲೆಯನ್ನೂ ಮುಟ್ಟಬಾರದು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿರುವಾಗ ಮನೆಗೆ ಬಂದ ಸೊಸೆಗೆ ಗೊತ್ತಿಲ್ಲವೇ ಎಂದು ಅಜ್ಜಿ ಕೇಳಿದರು. ನಾಗನಿಗೆ ತಂಬಿಲದ ಪೂಜೆ ಕೊಟ್ಟು ತಪ್ಪು ಒಪ್ಪಿಸುವವರೆಗೆ ಅಮ್ಮ ಹಟ್ಟಿಯ ಹೊಸ್ತಿಲು ದಾಟಬಾರದು ಎಂದಾಯಿತು. ಅಜ್ಜಿಯೇ ಹಾಲು ಕರೆಯಲು ಹೋದರು. ದನ ಒದ್ದು ಚೆಂಬು ಉರುಳಿಸಿತು. ಎರಡು ದಿನದಲ್ಲಿ ಕರುವಿಗೆ ಭೇದಿ ಹಿಡಿಯಿತು. "ನೋಡು, ಮಗಳ ಕಾಲು ಸಾಕಾಗಲಿಲ್ಲ ನಿನಗೆ" ಎಂದು ಅಜ್ಜಿ ಹೇಳಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಅಮ್ಮ ಅಂಗಳದ ತುದಿಯಲ್ಲಿ ನಿಂತು, ಕೆಚ್ಚಲು ಬಿಗಿದು ಕೂಗುವ ದನವನ್ನು ನೋಡುತ್ತಿದ್ದರು. ಊಟಕ್ಕೆ ಕುಳಿತರೂ ಗಂಜಿ ಹಾಗೆಯೇ ತಣಿಯುತ್ತಿತ್ತು.

ಗೆರೆ ಶುರುವಾದದ್ದು ಭಾನುವಾರ, ಅಮ್ಮ ಸೊಪ್ಪು ಕಡಿದದ್ದು ಬುಧವಾರ. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದರೆ ಪುಸ್ತಕ ತೋರಿಸಬೇಕು, ಆಗ ಬರಿಗಾಲಿನಲ್ಲಿ ಎಲ್ಲಿ ಆಡಿದ್ದು ಎಂಬ ಪ್ರಶ್ನೆ ಬರುತ್ತದೆ, ಆಣೆ ಮುರಿದದ್ದೂ ಹೊರಗೆ ಬೀಳುತ್ತದೆ. ನಾನು ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಚುಕ್ಕೆ ಮಾತ್ರ ಇಟ್ಟೆ.

ಗುರುವಾರ ಕರು ಏಳದೇ ಹೋದಾಗ ಮೂಡುಬಿದಿರೆಯಿಂದ ದನದ ಡಾಕ್ಟ್ರು ಬೈಕಿನಲ್ಲಿ ಬಂದರು. ಘಟ್ಟದ ಮೇಲಿನವರು, ತುಳು ಬಾರದು. ಅಜ್ಜಿಗೆ ತುಳು ಬಿಟ್ಟು ಬೇರೆ ಬಾರದು. ನಡುವೆ ನಾನು. ಕರುವಿನ ಹೊಟ್ಟೆ ತುಂಬ ಹುಳ, ಹುಟ್ಟಿದಾಗಲೇ ಔಷಧಿ ಹಾಕಬೇಕಿತ್ತು ಎಂದು ಹೇಳಿ ಅದರ ಬಾಯಿಗೆ ಮದ್ದು ಹೊಯ್ದರು. ಕೈ ತೊಳೆಯಲು ನಾನು ನೀರು ಹಾಕುವಾಗ ನನ್ನ ಕಾಲು ನೋಡಿದರು.

"ಇದೇನಮ್ಮಾ, ಪೆನ್ನಲ್ಲಿ ಗೀಚ್ಕೊಂಡಿದ್ದೀಯ?"

"ಅದು ದಿನಾ ಮುಂದೆ ಹೋಗ್ತದೆ ಸರ್. ಎಲ್ಲಿಗೆ ಹೋಗ್ತದೆ ಅಂತ ನೋಡ್ಲಿಕ್ಕೆ."

ಅವರು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಅಜ್ಜಿ ಹಿಂದಿನಿಂದ, ದನದ ಡಾಕ್ಟ್ರಿಗೆ ಕಾಲು ತೋರಿಸ್ತಾಳೆ, ನಾಳೆಯಿಂದ ಇವಳೂ ಹಾಲು ಕೊಡ್ತಾಳೆ ಎಂದು ಗೊಣಗಿದರು. ಡಾಕ್ಟ್ರು ಕೇಳಿದ್ದು ಒಂದೇ, ಮನೆಯಲ್ಲಿ ನಾಯಿಮರಿ ಇದೆಯಾ ಎಂದು. ನಾನು ತಲೆಯಾಡಿಸಿದೆ. ಒಂದು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ಚಿತ್ರ ಬರೆದರು. ನಾಯಿಯ ಕರುಳಲ್ಲಿ ಹುಳ, ಅದರ ಮೊಟ್ಟೆ ಹೇಲಿನೊಂದಿಗೆ ಮಣ್ಣಿಗೆ, ತೇವ ಸಿಕ್ಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳ, ಅದು ಕಾಯುವುದು ಯಾವುದಾದರೂ ಕಾಲು ಬರಲಿ ಎಂದು.

"ಅದು ಎಲ್ಲಿಗೆ ಹೊರಟದ್ದು ಸರ್?"

"ದಾರಿ ತಪ್ಪಿದೆ ಪಾಪ. ನಿನ್ನನ್ನೇ ನಾಯಿ ಅಂದ್ಕೊಂಡು ಒಳಗೆ ಬಂದಿದೆ. ಮನುಷ್ಯರ ಚರ್ಮ ದಾಟಿ ಒಳಗೆ ಹೋಗೋಕೆ ಅದಕ್ಕೆ ಗೊತ್ತಿಲ್ಲ. ಸುಮ್ನೆ ಸುತ್ತುತ್ತೆ. ಯಾವತ್ತು ಶುರುವಾಯ್ತು?"

ನಾನು ಒಳಗೆ ಹೋಗಿ ಪುಸ್ತಕ ತಂದೆ. ಅವರು ಗಟ್ಟಿಯಾಗಿ ಓದಿದರು: ಭಾನುವಾರ, ಸೋಮವಾರ, ಮಂಗಳವಾರ. ಅಂಗಳದ ತುದಿಯಿಂದ ಅಮ್ಮ ಹತ್ತಿರ ಬಂದರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಅಮ್ಮನಿಗೆ ಅಷ್ಟು ಕನ್ನಡ ಸಾಕಿತ್ತು.

"ನಾನು ಸೊಪ್ಪು ಕಡಿದದ್ದು ಬುಧವಾರ" ಎಂದರು, ಯಾರಿಗೆ ಎಂದಿಲ್ಲದೆ.

"ದಾದ ಪನ್ಪುನಿ?" ಎಂದು ಅಜ್ಜಿ ನನ್ನನ್ನು ಕೇಳಿದರು, ಏನು ಹೇಳುತ್ತಿದ್ದಾರೆ ಎಂದು. ತಪ್ಪಿಸಿಕೊಳ್ಳಲು ದಾರಿಯಿತ್ತು, ಅರ್ಧ ಹೇಳಬಹುದಿತ್ತು. ಆದರೆ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹುಳ, ಮರಿಗಳು, ಹಾರಿದ್ದು, ಭಾನುವಾರ, ಎಲ್ಲವನ್ನೂ ತುಳುವಿನಲ್ಲಿ ಹೇಳಿ ಮುಗಿಸಿದೆ.

ಅಜ್ಜಿ ಬೈಯಲಿಲ್ಲ. ಅಮ್ಮನ ಕಡೆ ತಿರುಗದೆ, "ಹೋಗು, ಹಾಲು ಕರಿ. ಕೆಚ್ಚಲು ಕಲ್ಲಾಗಿ ಉಂಟು" ಎಂದರು. ಅಮ್ಮ ಓಡಿಯೇ ಹೋದರು.

ಡಾಕ್ಟ್ರು ನನ್ನ ಕಾಲಿಗೆ ಮದ್ದು ಕೊಡಲಿಲ್ಲ, ಅದು ತನ್ನ ಕೆಲಸವಲ್ಲ ಎಂದು ಮೂಡುಬಿದಿರೆಯ ಆಸ್ಪತ್ರೆಗೆ ಕಳುಹಿಸಿದರು. ನಾಯಿಗೂ ಮರಿಗಳಿಗೂ ಹುಳದ ಔಷಧಿ ಕೊಟ್ಟರು. ಗುಳಿಗೆ ನುಂಗಿ ಕೆಲವು ದಿನಗಳಲ್ಲಿ ಗೆರೆ ನಿಂತಿತು. ನನಗೆ ಸ್ವಲ್ಪ ಬೇಸರವೇ ಆಯಿತು. ತಂಬಿಲವನ್ನೂ ಕೊಟ್ಟೆವು, ಈಗಲೂ ವರ್ಷಕ್ಕೊಮ್ಮೆ ಕೊಡುತ್ತೇವೆ. ಹುಳಕ್ಕೂ ನಾಗನಿಗೂ ಜಗಳವಿಲ್ಲ.

ಆ ಗುರುವಾರ ಸಂಜೆ ಬಚ್ಚಲಿನಲ್ಲಿ ಬೆನ್ನಿಗೆ ಬಿಸಿನೀರು ಹೊಯ್ಯುತ್ತ ಅಮ್ಮ ಕೇಳಿದರು: "ಶುಕ್ರವಾರವೇ ಗೊತ್ತಿತ್ತಲ್ಲ ನಿನಗೆ?" ನಾನು ಹೂಂ ಎಂದೆ. ಅಮ್ಮ ಇನ್ನೆರಡು ಚೆಂಬು ನೀರು ಹೊಯ್ದು ತಲೆ ಒರೆಸಿದರು.

ಮುಂದೆ ನಾನು ಪ್ರಾಣಿಶಾಸ್ತ್ರ ಓದಿದೆ. ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈಗ ಬೆಳ್ತಂಗಡಿಯಲ್ಲಿ ಪಾಠ ಮಾಡುತ್ತೇನೆ. ಬಂಟ್ವಾಳದ ಕಡೆ ಡೈರಿ ಸಭೆಗಳಿಗೆ ಕರೆದರೆ ಹೋಗುತ್ತೇನೆ. ದನಕ್ಕೆ ಹುಳದ ಮದ್ದು ಹಾಕುತ್ತೇವೆ ಎಂದು ಎಲ್ಲರೂ ಕೈ ಎತ್ತುತ್ತಾರೆ. ನಾಯಿಗೆ ಎಂದರೆ, ನಾಯಿ ಹಾಲು ಕೊಡ್ತದಾ ಟೀಚರ್ ಎಂದು ನಗುತ್ತಾರೆ.

ನಮ್ಮ ಹಟ್ಟಿಯಲ್ಲಿ ಈಗ ಸ್ಕೂಟರು ನಿಲ್ಲುತ್ತದೆ. ನನ್ನ ಮಗಳ ಕಾಲು ಮಣ್ಣು ಕಾಣುವುದು ಅಪರೂಪ; ತುರಿಕೆ ಬಂದರೆ ಮೊಬೈಲಿನಲ್ಲಿ ಫೋಟೋ ಹೊಡೆದು ಡಾಕ್ಟರಿಗೆ ಕಳುಹಿಸಿ, ಮಧ್ಯಾಹ್ನಕ್ಕೆ ಮರೆತಿರುತ್ತಾಳೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಮ್ಮ ಹೋದದ್ದು ಕಳೆದ ವರ್ಷ. ಮನೆಗೆ ಬಂದವರಿಗೆಲ್ಲ ಅವರು ಈ ಕಥೆ ಹೇಳುತ್ತಿದ್ದರು, ಆರನೇ ಕ್ಲಾಸಿನಲ್ಲೇ ಡಾಕ್ಟ್ರಿಗೆ ಲೆಕ್ಕ ತೋರಿಸಿದವಳು ನನ್ನ ಮಗಳು ಎಂದು. ಶುಕ್ರವಾರದಿಂದ ಗುರುವಾರದವರೆಗೆ ತಾನು ಹಟ್ಟಿಯ ಹೊರಗೆ ನಿಂತದ್ದನ್ನು ಮಾತ್ರ ಪ್ರತಿ ಸಲವೂ ಬಿಟ್ಟೇ ಹೇಳುತ್ತಿದ್ದರು. ಹಾಗೆ ಬಿಟ್ಟು ಹೇಳುವವರು ಈಗ ಇಲ್ಲ. ಅದಕ್ಕೇ ಬಿಡದೆ ಬರೆದಿದ್ದೇನೆ.