ವಿನ್ನಿಯ ‘ಚೆನ್ನಾಗೇ ಇದೆ’

ವಿನಿಫ್ರೆಡ್ ಟಟಲ್, ನಮ್ಮ ವಿನ್ನಿ, ನಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಮೂಗಿನಿಂದ ಒಂದು ಸಣ್ಣ ಉಸಿರು ಹೊರಬಿದ್ದರೆ ಅದೇ ನಗು. ಅಮೆರಿಕದ ಬರ್ಬ್ಯಾಂಕಿನ ನಮ್ಮ ಸ್ಟುಡಿಯೋದಲ್ಲಿ ಹಾಸ್ಯ ಧಾರಾವಾಹಿ ಬರೆಯುವ ನಾವು ಆರು ಜನ ಉದ್ದನೆಯ ಮೇಜಿನ ಸುತ್ತ ಕೂತು, ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದೆವು. ಕಿಟಕಿಯ ಪಕ್ಕದ ಸಣ್ಣ ಮೇಜಿನಲ್ಲಿ ವಿನ್ನಿ ಅಷ್ಟನ್ನೂ ಟೈಪ್ ಮಾಡುತ್ತಿದ್ದಳು. ಮೊದಲ ತಿದ್ದುಪಡಿಗೆ ನೀಲಿ ಹಾಳೆ, ಎರಡನೆಯದಕ್ಕೆ ಗುಲಾಬಿ, ಮೂರನೆಯದಕ್ಕೆ ಹಳದಿ. ಇಪ್ಪತ್ತೆರಡು ವರ್ಷ ಅವಳು ಬೇರೆಯವರ ಜೋಕುಗಳನ್ನು ಬಣ್ಣದ ಹಾಳೆಗಳ ಮೇಲೆ ಇಳಿಸಿದ್ದಳು. ಕೆಲವೊಮ್ಮೆ ಗುಲಾಬಿ ಹಾಳೆಯಲ್ಲಿ ನಮ್ಮ ಮಾತು ಎರಡು ಪದ ಕಡಿಮೆಯಾಗಿ ಬರುತ್ತಿತ್ತು. ಆಗ ಜನ ಹೆಚ್ಚು ನಗುತ್ತಿದ್ದರು. ಹೊಗಳಿಕೆ ನಮಗೆ ಸಿಗುತ್ತಿತ್ತು.

ಅವಳ ಹುಟ್ಟೂರು ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ಹತ್ತಿ ಗಿರಣಿಗಳ ಒಂದು ಊರು. ಅಲ್ಲಿನ ವಿಮಾನ ನೆಲೆಯಲ್ಲಿದ್ದ ಅಮೆರಿಕದ ಸೈನಿಕ ಡೆಲ್ ಟಟಲ್‌ನನ್ನು ಮದುವೆಯಾಗಿ ಇಪ್ಪತ್ತೊಂದನೆಯ ವಯಸ್ಸಿಗೆ ಇಲ್ಲಿಗೆ ಬಂದಳು. ಈಗ ಐವತ್ತಮೂರು. ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತು ಟಿವಿ ನೋಡುತ್ತಾರೆ, ಆದರೆ ಒಟ್ಟಿಗೆ ನಗುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದ್ದಳು. ಟಿವಿಯಲ್ಲಿ ಇರುವವನು ಗೆದ್ದರೆ ಡೆಲ್‌ಗೆ ನಗು, ಸೋತರೆ ಅವಳಿಗೆ.

ಆ ವರ್ಷ ನಮ್ಮ ಸ್ಟುಡಿಯೋ ಇಂಗ್ಲೆಂಡಿನ ಒಂದು ಧಾರಾವಾಹಿಯನ್ನು ಕೊಂಡಿತು. ಕಡಲ ತೀರದ ಮಳೆಯೂರಿನಲ್ಲಿ ಕೊಡೆಗಳ ಒಂದು ವಸ್ತುಸಂಗ್ರಹಾಲಯ, ಅಲ್ಲಿ ಪಿಮ್ ಎಂಬ ಗುಮಾಸ್ತ. ಮೇಲ್ವಿಚಾರಕನಾಗಬೇಕೆಂದು ಅವನು ಹದಿನಾಲ್ಕು ವರ್ಷಗಳಿಂದ ಅರ್ಜಿ ಹಾಕುತ್ತಿದ್ದಾನೆ. ಮೊದಲ ಕಂತಿನ ಕೊನೆಯಲ್ಲಿ ಪತ್ರ ಬರುತ್ತದೆ. ಹುದ್ದೆ ಅವನ ಕೈಕೆಳಗಿನ ಹುಡುಗಿಗೆ ಸಿಕ್ಕಿದೆ. ಪಿಮ್ ಪತ್ರವನ್ನು ಎರಡು ಸಲ ಓದಿ, ಬೆರಳಿನಿಂದ ಸವರಿ, “ಕಾಗದ ಮಾತ್ರ ಒಳ್ಳೇದು ಹಾಕಿದಾರೆ” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ನಮ್ಮ ಮುಖ್ಯ ಬರಹಗಾರ ಇರ್ವ್ ಕಾಸ್ಲರ್ ಆ ಟೇಪನ್ನು ನೋಡಿ, ಯಂತ್ರ ಕೆಟ್ಟಿತೇ ಎಂದು ಎದ್ದು ಗುಂಡಿ ಒತ್ತಿದ. ಇಂಥ ಕೊನೆ ನೋಡಿ ಯಾರು ಮುಂದಿನ ವಾರ ಮತ್ತೆ ಬರುತ್ತಾರೆ ಎಂದು ಕೇಳಿದ. ನಾವೆಲ್ಲ ತಲೆಯಾಡಿಸಿದೆವು. ವಿನ್ನಿಯ ಕಡೆಯಿಂದ ಮಾತ್ರ ಮೂಗಿನುಸಿರು ಕೇಳಿಸಿತು. ಇರ್ವ್ ಅದನ್ನು ಗಮನಿಸಿದ. ಈ ಧಾರಾವಾಹಿಯನ್ನು ಚಾನೆಲ್‌ನವರು ಒಪ್ಪಿಕೊಂಡರೆ ಬರೆಯುವವರ ಮೇಜಿನಲ್ಲಿ ಒಂದು ಕುರ್ಚಿ ನಿನ್ನದು ಎಂದು ಎಲ್ಲರ ಎದುರಿಗೇ ಹೇಳಿದ.

ಮರುದಿನ ವಿನ್ನಿ ಒಂದು ಡಬ್ಬಿ ಹೊಸ ಪೆನ್ಸಿಲ್ ತಂದು ತನ್ನ ಮೇಜಿನ ಮೇಲಿಟ್ಟಳು. ಟೈಪ್ ಮಾಡುವವರಿಗೆ ಪೆನ್ಸಿಲ್ ಬೇಕಿರಲಿಲ್ಲ. ಅವಳಿಗೆ ಆ ಕುರ್ಚಿ ಎಷ್ಟು ಬೇಕಾಗಿತ್ತೆಂದು ಅದನ್ನು ನೋಡಿದಾಗ ನನಗೆ ಗೊತ್ತಾಯಿತು.

ನಾವು ಕತೆಯ ಊರನ್ನು ಇಂಗ್ಲೆಂಡಿನಿಂದ ಅಮೆರಿಕದ ಒಹಾಯೋಗೆ ತಂದೆವು. ಕೊನೆಯ ದೃಶ್ಯವನ್ನು ಇರ್ವ್ ತಾನೇ ಬರೆದ. ಪತ್ರ ಓದಿ ಪಿಮ್ ಕಣ್ಣೀರು ಹಾಕುತ್ತಾನೆ. ಆ ಹುಡುಗಿ ಅವನನ್ನು ತಬ್ಬಿಕೊಂಡು, ಹುದ್ದೆ ಯಾರದಾದರೇನು, ಈ ಮನೆಯ ನಿಜವಾದ ಕೊಡೆ ನೀವೇ ಎನ್ನುತ್ತಾಳೆ. ಹಾಳೆಗಳನ್ನು ಇರ್ವ್ ವಿನ್ನಿಯ ಕೈಗಿಟ್ಟು, ಇದು ನಿಮ್ಮ ಕಡೆಯ ಸರಕು, ಹೇಗಿದೆ ಹೇಳು ಎಂದ.

ವಿನ್ನಿ ಕೊನೆಯವರೆಗೂ ಓದಿ ಹಾಳೆಗಳ ಅಂಚನ್ನು ಸರಿಮಾಡಿದಳು.

“ಚೆನ್ನಾಗೇ ಇದೆ, ಮಿಸ್ಟರ್ ಕಾಸ್ಲರ್.”

ಇರ್ವ್ ಎರಡೂ ಕೈ ಮೇಲೆತ್ತಿ ಕೋಣೆಯನ್ನೊಂದು ಸುತ್ತು ಹಾಕಿದ. ಇಂಗ್ಲೆಂಡಿನವಳೇ ಒಪ್ಪಿದಳು ಎಂದು ಚಾನೆಲ್‌ನವರಿಗೆ ಫೋನಿನಲ್ಲಿ ಹೇಳಿದ.

ಬುಧವಾರ ಬೆಳಿಗ್ಗೆ ಚಾನೆಲ್‌ನವರ ಎದುರು ನಟರು ಇಡೀ ಕಂತನ್ನು ಆಡಿ ತೋರಿಸಿದರು. ಮೊದಲರ್ಧಕ್ಕೆ ನಗು ಬಂತು. ಕೊನೆಯ ದೃಶ್ಯದಲ್ಲಿ ಹುಡುಗಿ ಪಿಮ್‌ನನ್ನು ತಬ್ಬಿಕೊಂಡಾಗ ಎದುರು ಕೂತಿದ್ದ ಐದು ಜನರಲ್ಲಿ ಒಬ್ಬ ಶೂಲೇಸ್ ಕಟ್ಟಿಕೊಳ್ಳಲು ಬಗ್ಗಿದ. ಶುಕ್ರವಾರ ಜನರ ಎದುರು ಚಿತ್ರೀಕರಣ, ಅಷ್ಟರೊಳಗೆ ಕೊನೆಯನ್ನು ಸರಿಮಾಡಿ, ಇಲ್ಲವಾದರೆ ಬೇಡ ಎಂದು ಹೇಳಿ ಹೋದರು.

ಇರ್ವ್ ಬಂದು ವಿನ್ನಿಯ ಮೇಜಿನೆದುರು ನಿಂತ. ಅವನಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು.

“ವಿನ್ನಿ, ನಿನಗೆ ಇದು ಹಿಡಿಸಿರಲಿಲ್ಲ ಅಲ್ವಾ? ಮೊದಲೇ ಹೇಳಬಾರದಿತ್ತಾ?”

“ಹೇಳಿದೆನಲ್ಲ.”

“ಏನು ಹೇಳಿದೆ? ಚೆನ್ನಾಗೇ ಇದೆ ಅಂದೆ.”

“ಅದೇ ಮತ್ತೆ.” ವಿನ್ನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಇದಕ್ಕಿಂತ ಕೆಟ್ಟದಾಗಿ ಹೇಗೆ ಹೇಳೋದು? ನೀವು ಬರೆದಿದ್ದು, ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ?”

ಅವಳ ಊರಿನಲ್ಲಿ ಆ ಮಾತನ್ನು ಬೇಯದ ಮಾಂಸಕ್ಕೂ, ನೆಂಟರ ಮಗುವಿನ ಪಿಯಾನೋಗೂ ಬಳಸುತ್ತಾರಂತೆ. ನಿಜಕ್ಕೂ ಮೆಚ್ಚಿದರೆ ‘ಪರವಾಗಿಲ್ಲ’ ಎನ್ನುತ್ತಾರಂತೆ. ನನ್ನ ಪಕ್ಕದವನು ಹೋದ ವರ್ಷ ತಾನು ಬರೆದ ಒಂದು ಕಂತಿಗೆ ವಿನ್ನಿ ಪರವಾಗಿಲ್ಲ ಎಂದದ್ದನ್ನು ನೆನೆದು ಸೆಟೆದು ಕೂತ. ನಾನು ಲೆಕ್ಕ ಹಾಕಿದೆ. ಎಂಟು ವರ್ಷಗಳಲ್ಲಿ ನನಗೆ ಸಿಕ್ಕಿದ್ದೆಲ್ಲ ‘ಚೆನ್ನಾಗೇ ಇದೆ’.

ಇರ್ವ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

“ಸರಿ, ಈಗ ನಮ್ಮ ಥರ ಹೇಳು. ನಾನು ಅತ್ತರೂ ಪರವಾಗಿಲ್ಲ. ಅಯ್ಯೋ, ಆ ಪದ ಬೇಡ. ನಾನು ಅತ್ತರೂ ಅಡ್ಡಿಯಿಲ್ಲ.”

ಹಾಗೆ ಮಾತಾಡುವುದು ವಿನ್ನಿಗೆ ರೂಢಿಯಿರಲಿಲ್ಲ. ಕಿವಿ ಕೆಂಪಾಗಿತ್ತು. ಡಬ್ಬಿಯಿಂದ ಒಂದು ಪೆನ್ಸಿಲ್ ತೆಗೆದು, ಕೊನೆಯ ಹಾಳೆಯ ಮೇಲೆ ನಿಧಾನವಾಗಿ ಗೆರೆ ಎಳೆದಳು. ಕಣ್ಣೀರು ಹೋಯಿತು, ತಬ್ಬಿಕೊಳ್ಳುವುದು ಹೋಯಿತು, ಕೊಡೆಯ ಮಾತೂ ಹೋಯಿತು.

“ಅವನು ಸೋತಿದಾನೆ ಅಂತ ನಮಗೆ ಗೊತ್ತಿರಬೇಕು, ಮಿಸ್ಟರ್ ಕಾಸ್ಲರ್. ಅವನಿಗೇ ಗೊತ್ತಾಗಿಬಿಟ್ಟರೆ ಅಲ್ಲಿ ನಗೋಕೆ ಏನಿದೆ? ಪಾಪ ಅನ್ನಿಸುತ್ತೆ ಅಷ್ಟೆ.”

ಹಾಗಾದರೆ ಇಂಗ್ಲೆಂಡಿನ ಕೊನೆಯನ್ನೇ ಇಡೋಣವೇ ಎಂದು ಇರ್ವ್ ಕೇಳಿದ. ವಿನ್ನಿ ಬೇಡವೆಂದಳು. ಅವಳು ಮನೆಗೊಯ್ದ ಟೇಪಿನಲ್ಲಿ ಡೆಲ್ ಅದನ್ನು ನೋಡಿ ಎದ್ದು ಹೋಗಿ ಬಟ್ಟಲು ತೊಳೆದನಂತೆ. ಇಲ್ಲಿಯವರಿಗೆ ಮುಂದೇನು ಎನ್ನುವುದು ಬೇಕು, ನಾಳೆಯೊಂದನ್ನು ಕೊಡದೆ ಅವರನ್ನು ಮನೆಗೆ ಕಳಿಸಬಾರದು ಎಂದಳು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಮೂವತ್ತೆರಡು ವರ್ಷ ಒಂದೇ ಸೋಫಾದಲ್ಲಿ ಕೂತವಳ ಅಕ್ಕರೆ ಆ ದನಿಯಲ್ಲಿತ್ತು. ಆಮೇಲೆ ಹಾಳೆಯ ಕೆಳಗೆ ನಾಲ್ಕು ಸಾಲು ಬರೆದು ಇರ್ವ್‌ನ ಕಡೆಗೆ ತಿರುಗಿಸಿಟ್ಟಳು.

ಇರ್ವ್ ಓದಿದ. ನಗಲಿಲ್ಲ. ಇನ್ನೊಮ್ಮೆ ಓದಿ, ಇದನ್ನು ಹಳದಿ ಹಾಳೆಗೆ ಹಾಕು ಎಂದ.

ಶುಕ್ರವಾರ ಮಧ್ಯಾಹ್ನ ಇನ್ನೂರು ಜನ ಬಂದು ಕೂತರು. ವಿನ್ನಿ ಪರದೆಯ ಹಿಂದೆ ಕೈಕಟ್ಟಿ ನಿಂತಿದ್ದಳು. ಪಿಮ್ ಪತ್ರ ಓದಿದ, ಕಾಗದವನ್ನು ಸವರಿದ, ಒಳ್ಳೆಯದು ಹಾಕಿದ್ದಾರೆ ಎಂದ. ಯಾರೂ ನಗಲಿಲ್ಲ. ಒಂದು ಹೆಂಗಸು ಅಯ್ಯೋ ಎಂದಳು. ಪಿಮ್ ಕೋಟಿನ ಗುಂಡಿ ಹಾಕಿಕೊಂಡು, ಆಗತಾನೇ ಮೇಲ್ವಿಚಾರಕಿಯಾದ ಹುಡುಗಿಯ ಬಾಗಿಲು ತಟ್ಟಿದ.

“ಮೇಡಂ, ಒಂದು ಶಿಫಾರಸು ಪತ್ರ ಬೇಕಿತ್ತು.”

“ಯಾವ ಕೆಲಸಕ್ಕೆ, ಪಿಮ್?”

“ನಿಮ್ಮ ಕೆಲಸಕ್ಕೆ.”

ಎರಡು ಕ್ಷಣ ಏನೂ ಇಲ್ಲ. ನಾನು ವಿನ್ನಿಯ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಆಮೇಲೆ ಹಿಂದಿನ ಸಾಲಿನಲ್ಲಿ ಎಲ್ಲೋ ಒಂದು ನಗು ಸಿಡಿಯಿತು. ಅದು ಸಾಲಿನಿಂದ ಸಾಲಿಗೆ ಇಳಿದು ಬಂತು. ಹುಡುಗಿ ಪೆನ್ನು ತೆಗೆದುಕೊಂಡು, “ಒಳ್ಳೇ ಕಾಗದದಲ್ಲೇ ಬರೀತೀನಿ” ಎಂದಾಗ ಇನ್ನೂರು ಜನರ ಗದ್ದಲದಲ್ಲಿ ಪಿಮ್‌ನ ಧನ್ಯವಾದ ಕೇಳಿಸಲೇ ಇಲ್ಲ.

ಚಾನೆಲ್‌ನವರು ಆರು ಕಂತು ಕೇಳಿದರು. ಇಡೀ ವರ್ಷದ ಇಪ್ಪತ್ತೆರಡು ಸಿಗುತ್ತದೆಂದು ಕಾದಿದ್ದ ಇರ್ವ್ ಮಂಕಾದ. ವಿನ್ನಿಗೆ ಅದೇಕೆಂದು ಅರ್ಥವಾಗಲಿಲ್ಲ. ಅವಳ ಕಡೆ ಆರು ಕಂತು ಬರೆದವರು ಆಮೇಲೆ ಎರಡು ವರ್ಷ ಸುಧಾರಿಸಿಕೊಳ್ಳುತ್ತಾರಂತೆ.

ಸೋಮವಾರ ಉದ್ದ ಮೇಜಿಗೆ ಏಳನೆಯ ಕುರ್ಚಿ ಬಂತು. ನಾಲ್ಕನೆಯ ಕಂತು ವಿನ್ನಿಗೆ. ಬರೆದವರು ಎಂಬಲ್ಲಿ ಅವಳು ‘ಡಬ್ಲ್ಯೂ. ಟಟಲ್’ ಎಂದಷ್ಟೇ ಟೈಪ್ ಮಾಡಿದ್ದಳು. ಇದ್ಯಾವ ಗಂಡಸು ಎಂದು ಗೊಣಗುತ್ತಾ ಇರ್ವ್ ಅದನ್ನು ಹೊಡೆದುಹಾಕಿ ‘ವಿನಿಫ್ರೆಡ್’ ಎಂದು ಪೂರ್ತಿ ಬರೆದ.

ಆ ಕಂತಿನ ಚಿತ್ರೀಕರಣಕ್ಕೆ ಡೆಲ್ ಬಂದಿದ್ದ, ಟೈ ಕಟ್ಟಿಕೊಂಡು, ಮೂರನೆಯ ಸಾಲಿನಲ್ಲಿ. ಪಿಮ್ ಇನ್ನೂ ಬಾಯಿ ತೆರೆದಿರಲಿಲ್ಲ. ಡೆಲ್ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಕ್ಯಾಮೆರಾ ನಿಲ್ಲಿಸಬೇಕಾಯಿತು.

ಯಾರದು ಎಂದು ನಿರ್ದೇಶಕಿ ಸಿಟ್ಟಿನಿಂದ ಕೇಳಿದಳು.

“ನನಗೆ ಗೊತ್ತಿಲ್ಲಮ್ಮ” ಎಂದಳು ವಿನ್ನಿ. ಮೂಗಿನಿಂದ ಸಣ್ಣ ಉಸಿರೊಂದು ಹೊರಬಿತ್ತು. “ಯಾರೋ ಪಾಪ, ದೂರದಿಂದ ಬಂದಿರಬೇಕು.”